ಎದೆಯಿಂದ ಕೆಳಗಿನ ದೂರು

ಆ ಮನೆಗೆ ಅವತ್ತು ನಾನು ಹೊರಟಿದ್ದು ಮೂತ್ರದ ನಳಿಕೆ ಬದಲಾಯಿಸೋಕೆ, ಅಷ್ಟೇ. ಬೆನ್ನುಹುರಿಗೆ ಪೆಟ್ಟಾದವರ ಮನೆಮನೆಗೆ ಹೋಗಿ ನೋಡಿಕೊಳ್ಳೋ ನರ್ಸ್ ನಾನು. ಮಗ್ಗೆ ಕಡೆಯಿಂದ ಹಿಡಿದು ಬಿಸಿಲೆ ರಸ್ತೆಯ ಕೊನೇ ಮನೆಗಳ ತನಕ ನನ್ನ ಸುತ್ತು. ಆಷಾಢದಲ್ಲಿ ಈ ಸುತ್ತನ್ನ ಸ್ಕೂಟರಿನಲ್ಲಿ ಹೊಡೆಯೋಕೆ ಸಂಬಳ ಸಾಲಲ್ಲ, ಹಟ ಬೇಕು. ಅದು ನನ್ನ ಹತ್ರ ಬೇಕಾದಷ್ಟಿದೆ. ಬಾಯಿಯೂ ಜೋರು. ನನ್ನ ಸ್ಕೂಟರ್ ಸದ್ದು ಕೇಳಿದ ಕೂಡಲೇ ಪೇಷಂಟುಗಳ ಮನೆಯವರು ಹಾಸಿಗೆ ಕೊಡವಿ ಸರಿ ಮಾಡ್ತಾರೆ ಅನ್ನೋದು ನನಗೂ ಗೊತ್ತು.

ಇಳಿಜಾರಿನಲ್ಲಿ ಬರುವಾಗಲೇ ಮನೆ ಮುಂದಿನ ತಗಡಿನ ಚಪ್ಪರದ ಕೆಳಗೆ ಜೀಪು ಕಂಡಿತು. ಪಕ್ಕದ ಎಸ್ಟೇಟಿನದು, ಎಂಜಿನ್ ಓಡ್ತಾ ಇತ್ತು. ಹಿಂದಿನ ಬಾಗಿಲು ತೆಗೆದು, ಒಳಗೆ ಹಾಸಿಗೆ ಹಾಸಿ, ನಮ್ಮ ಪೇಷಂಟನ್ನ ಅಂಗಾತ ಮಲಗಿಸಿದ್ದರು. ಸೊಂಟದಿಂದ ಕೆಳಗೆ ಕಂಬಳಿ ಸುತ್ತಿತ್ತು. ಹಣೆ ಮೇಲೆ ಒದ್ದೆ ಬಟ್ಟೆ. ಅವನ ಹೆಂಡತಿ ಒಂದು ಕೈಯಲ್ಲಿ ಬಟ್ಟೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನನ್ನ ದೂರ ಸರೀರಿ ಅಂತ ಸನ್ನೆ ಮಾಡಿದಳು.

"ಲಕ್ವ ಹೊಡೀತಾ ಐತೆ ಸಿಸ್ಟರ್. ಹಾಸನಕ್ಕೆ ಹೊಂಟಿದೀವಿ. ಅಡ್ಡ ನಿಲ್ಬ್ಯಾಡಿ."

ಕಾಳುಮೆಣಸು ಕೊಯ್ಯೋಕೆ ಸಿಲ್ವರ್ ಓಕ್ ಮರ ಹತ್ತಿದ್ದಾಗ ಏಣಿ ಜಾರಿ ಬಿದ್ದವನು ಅವನು. ಸ್ವಂತ ತೋಟ ಸಣ್ಣದು, ಹೆಚ್ಚಿನ ದುಡಿಮೆ ಊರವರ ಮರ ಹತ್ತಿಯೇ ಆಗ್ತಿತ್ತು. ಬೆನ್ನುಹುರಿ ಎದೆಯ ಮಟ್ಟದಲ್ಲಿ ಕಡಿದುಹೋಗಿದೆ. ತೋಳು ಎರಡೂ ಗಟ್ಟಿ, ಮಾತು ಇನ್ನೂ ಗಟ್ಟಿ. ಎದೆಯ ಮಧ್ಯದಿಂದ ಕೆಳಗೆ ಮಾತ್ರ ಮುಟ್ಟಿದರೂ ಚುಚ್ಚಿದರೂ ಗೊತ್ತಾಗಲ್ಲ. ಆವತ್ತು ಆ ಗಟ್ಟಿ ಮಾತು ನಿಂತುಹೋಗಿತ್ತು. ಎರಡೂ ಅಂಗೈಯಿಂದ ತಲೆ ಅದುಮಿಕೊಂಡು, "ಒಡೀತದೆ, ತಲೆ ಒಡೀತದೆ" ಅಂತ ಹಲ್ಲು ಕಚ್ಚಿಕೊಂಡೇ ಹೇಳ್ತಿದ್ದ.

ಮುಖ ಕೆಂಪಗೆ ಬೆಂದಹಾಗಿತ್ತು. ಆ ಚಳಿಯಲ್ಲಿ ಕುತ್ತಿಗೆಯಿಂದ ಬೆವರು ಇಳೀತಿತ್ತು. ಅಂಗಿಯೊಳಗೆ ಕೈ ಹಾಕಿ ಹೊಟ್ಟೆ ಮುಟ್ಟಿದೆ. ಐಸು. ಚರ್ಮದ ತುಂಬ ರೋಮ ನಿಮಿರಿ ಮುಳ್ಳೆದ್ದಿತ್ತು. ಒಬ್ಬನೇ ಮನುಷ್ಯ, ಎದೆಯ ಮೇಲೆ ಬೇಸಿಗೆ, ಕೆಳಗೆ ಚಳಿಗಾಲ. ಇದು ಏನು ಅಂತ ನನಗೆ ಗೊತ್ತಿತ್ತು. ತರಬೇತಿಯಲ್ಲಿ ಓದಿದ್ದೆ, ಆಸ್ಪತ್ರೆಯ ವಾರ್ಡಿನಲ್ಲಿ ಕಂಡೂ ಇದ್ದೆ. ಆದರೆ ಅಲ್ಲಿ ನಾಲ್ಕು ಹೆಜ್ಜೆಗೆ ಡಾಕ್ಟರಿದ್ದರು.

ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದೆ. ಬೆನ್ನುಹುರಿ ಕಡಿದವರ ರಕ್ತದ ಒತ್ತಡ ಮಾಮೂಲಿಯಾಗಿ ಕಮ್ಮಿ. ಇವನದು ಮೇಲಿನ ಅಂಕಿ ನೂರರ ಆಸುಪಾಸು ಇರ್ತಿತ್ತು. ಈಗ ನೂರ ಎಂಬತ್ತೆಂಟು. ನಾಡಿ ಮಾತ್ರ ಐವತ್ತಕ್ಕೂ ಕೆಳಗೆ, ನಿಧಾನಕ್ಕೆ ದಬ್ ದಬ್ ಅಂತಿತ್ತು.

"ಎಂಜಿನ್ ಆಫ್ ಮಾಡು. ಇವನನ್ನ ಎಬ್ಬಿಸಿ ಕೂರಿಸ್ಬೇಕು," ಅಂದೆ ಡ್ರೈವರಿಗೆ.

"ಕೂರ್ಸೋದಾ? ರಕ್ತ ತಲೆಗೇರೈತೆ ಅಂತ ಮಲಗ್ಸಿರದು ಕಣ್ರೀ," ಅಂದಳು ಹೆಂಡತಿ.

"ಮಲಗಿಸಿದ್ರೇ ಏರೋದು. ಕೂತರೆ ಕಾಲಿನ ಕಡೆ ಇಳಿಯುತ್ತೆ. ವಾದ ಆಮೇಲೆ ಮಾಡೋಣ, ಈಗ ಹಿಡ್ಕೊ."

ಡ್ರೈವರು ಒಳಗೆ ಹತ್ತಿ ಅವನ ಬೆನ್ನಿಗೆ ತನ್ನ ಎದೆ ಕೊಟ್ಟು ಕೂತ. ನಾನೂ ಹೆಂಡತಿಯೂ ಸೇರಿ ಕಾಲುಗಳನ್ನ ಕಂಬಳಿ ಸಮೇತ ಜೀಪಿನ ಹಿಂದಿನಿಂದ ಕೆಳಗೆ ಇಳಿಬಿಟ್ಟೆವು. ಅಂಗಿಯ ಗುಂಡಿ ಬಿಚ್ಚಿದೆ. ಪಂಚೆ ಕಟ್ಟಿದ್ದ ಸೊಂಟದ ಪಟ್ಟಿ ಬಿಚ್ಚಿದೆ. ಬಿಗಿ ಇರೋದನ್ನೆಲ್ಲ ಸಡಿಲ ಮಾಡು ಅನ್ನೋದು ಮೊದಲ ಪಾಠ. ಒತ್ತಡ ನೂರ ಎಪ್ಪತ್ತಾರಕ್ಕೆ ಇಳಿಯಿತು, ಅಲ್ಲೇ ನಿಂತಿತು.

ಇಲ್ಲಿ ಒಂದಿಷ್ಟು ವಿವರ ಹೇಳಲೇಬೇಕು, ಇಲ್ಲದಿದ್ರೆ ನಾನು ಯಾಕೆ ಹಾಗೆ ಹುಡುಕಾಡಿದೆ ಅಂತ ಅರ್ಥ ಆಗಲ್ಲ. ನಮ್ಮ ಮೈಯಲ್ಲಿ ನಾವು ಹೇಳದೆ ಕೇಳದೆ ನಡೆಯೋ ಕೆಲಸಗಳಿವೆ. ಗುಂಡಿಗೆ ಬಡಿಯೋದು, ಬೆವರೋದು, ಉಂಡದ್ದು ಅರಗೋದು, ರಕ್ತನಾಳ ಬಿಗಿಯಾಗೋದು, ಸಡಿಲಾಗೋದು. ಇದನ್ನೆಲ್ಲ ನೋಡಿಕೊಳ್ಳೋದು ಸ್ವಾಯತ್ತ ನರಮಂಡಲ. ಅದರಲ್ಲಿ ಎರಡು ತಂಡ. ಒಂದು ಅಪಾಯ ಬಂದಾಗ ಎಲ್ಲ ಬಿಗಿ ಮಾಡೋದು, ಇನ್ನೊಂದು ಸಾಕು ಬಿಡು ಅಂತ ಸಮಾಧಾನ ಮಾಡೋದು. ಬಿಗಿ ಮಾಡೋ ತಂಡದ ನರಗಳು ಬೆನ್ನುಹುರಿಯೊಳಗಿಂದಲೇ, ಎದೆಯಿಂದ ಸೊಂಟದವರೆಗೆ ಹೊರಡ್ತವೆ. ಸಮಾಧಾನ ಮಾಡೋ ತಂಡದ ದೊಡ್ಡ ನರ ಮಾತ್ರ ಮಿದುಳಿನ ಬುಡದಿಂದ ಹೊರಟು, ಬೆನ್ನುಹುರಿಗೆ ಸೇರದೆ, ನೇರ ಗುಂಡಿಗೆಗೆ ಬರುತ್ತೆ.

ಬೆನ್ನುಹುರಿ ಮೇಲ್ಭಾಗದಲ್ಲಿ ಕಡಿದುಹೋದವನ ಮೈಯಲ್ಲಿ, ಕಡಿದ ಜಾಗಕ್ಕಿಂತ ಕೆಳಗೆ ಏನೋ ನೋವಾಯಿತು ಅಂದ್ಕೊಳ್ಳಿ. ಆ ಸುದ್ದಿ ಮಿದುಳಿಗೆ ತಲುಪಲ್ಲ. ಅವನಿಗೆ ಗೊತ್ತೇ ಆಗಲ್ಲ. ಆದರೆ ಹೋಗೋ ದಾರಿಯಲ್ಲೇ ಆ ಸುದ್ದಿ ಬಿಗಿ ಮಾಡೋ ತಂಡವನ್ನ ಎಬ್ಬಿಸಿಬಿಡುತ್ತೆ. ಹೊಟ್ಟೆ, ಕಾಲಿನ ರಕ್ತನಾಳವೆಲ್ಲ ಹಿಂಡಿಕೊಂಡು ರಕ್ತ ಮೇಲಕ್ಕೆ ನುಗ್ಗುತ್ತೆ. ಕುತ್ತಿಗೆಯ ನಾಳಗಳಲ್ಲಿ ಒತ್ತಡ ಏರಿದ್ದು ಮಿದುಳಿಗೆ ಗೊತ್ತಾಗುತ್ತೆ. ಅದು ಗುಂಡಿಗೆಯನ್ನ ನಿಧಾನ ಮಾಡುತ್ತೆ, ಮುಖದ ನಾಳ ಅಗಲಿಸುತ್ತೆ, ಕೆಳಗೂ ಸಡಿಲ ಬಿಡಿ ಅಂತ ಆಜ್ಞೆ ಕಳಿಸುತ್ತೆ. ಆಜ್ಞೆ ಕಡಿದ ಜಾಗಕ್ಕೆ ಬಂದು ನಿಲ್ಲುತ್ತೆ. ಕೆಳಗಿನ ನೋವು ತೆಗೆಯೋ ತನಕ ಒತ್ತಡ ಇಳಿಯಲ್ಲ. ತೆಗೆಯದಿದ್ರೆ ಮಿದುಳಿನಲ್ಲಿ ಯಾವುದಾದರೂ ನಾಳ ಒಡೆದು ಮನುಷ್ಯ ಹೋಗ್ತಾನೆ.

ಇದನ್ನೇ ನಾನು ನಾಲ್ಕು ಮಾತಲ್ಲಿ ಅವರಿಗೆ ಹೇಳಿದೆ. ಡ್ರೈವರು ಹಿಂದಿನಿಂದ, "ಅಂದ್ರೆ ಆಕ್ಸಿಲರೇಟರ್ ಸಿಕ್ಕಾಕ್ಕೊಂಡೈತೆ, ಬ್ರೇಕು ಮುಂದಿನ ಚಕ್ರಕ್ಕೆ ಮಾತ್ರ ಹಿಡೀತೈತೆ ಅನ್ನಿ," ಅಂದ.

"ಹೂಂ ಮಾರಾಯ. ನೀನು ಬೆನ್ನು ಗಟ್ಟಿಯಾಗಿ ಹಿಡಿ."

ನೂರಕ್ಕೆ ತೊಂಬತ್ತು ಸಲ ತಪ್ಪು ಮೂತ್ರಕೋಶದ್ದು. ನಳಿಕೆ ಕಟ್ಟಿಕೊಂಡು ಕೋಶ ಉಬ್ಬಿರುತ್ತೆ. ಅದನ್ನೇ ಬದಲಾಯಿಸೋಕೆ ಬಂದಿದ್ದೆನಲ್ಲ, ಕೆಲಸ ಸುಲಭ ಆಯ್ತು ಅಂದ್ಕೊಂಡೆ. ನಳಿಕೆ ಎಲ್ಲೂ ಮಡಚಿರಲಿಲ್ಲ. ಚೀಲದಲ್ಲಿ ಮೂತ್ರ ತಿಳಿಯಾಗಿ ಇಳೀತಾ ಇತ್ತು. ಆದರೂ ನಂಬದೆ ಹಳೇ ನಳಿಕೆ ತೆಗೆದೆ, ಮರಗಟ್ಟಿಸೋ ಜೆಲ್ಲಿ ಹಾಕಿ ಸ್ವಲ್ಪ ಕಾದು ಹೊಸದು ಹಾಕಿದೆ. ಒಂದು ಲೋಟದಷ್ಟೂ ಬರಲಿಲ್ಲ. ಕೋಶ ಖಾಲಿ. ಒತ್ತಡ ನೂರ ಎಂಬತ್ತು.

ಎರಡನೇ ಅನುಮಾನ ಮಲದ್ದು. ಗಟ್ಟಿಯಾಗಿ ನಿಂತಿದ್ರೆ ಅದೂ ಇದನ್ನೇ ಮಾಡುತ್ತೆ. ಕೂತ ಹಾಗೇ ಒಂದು ಪಕ್ಕಕ್ಕೆ ವಾಲಿಸಿ, ಹಿಂದಿನಿಂದ ಪಂಚೆ ಸರಿಸಿ, ಕೈಗವಸಿಗೆ ಅದೇ ಜೆಲ್ಲಿ ಹಚ್ಚಿ ನೋಡಿದೆ. ಅಲ್ಲೂ ಏನಿಲ್ಲ. ಕೂರೋ ಜಾಗದಲ್ಲಿ, ಬೆನ್ನಿನ ಕೊನೆಯಲ್ಲಿ ಹಾಸಿಗೆ ಹುಣ್ಣೂ ಇರಲಿಲ್ಲ. ಹೆಂಡತಿ ಅಷ್ಟು ಚೆನ್ನಾಗಿ ನೋಡಿಕೊಂಡಿದ್ದಳು. ಕಾಲಿನ ಕಂಬಳಿ ಸರಿದಾಗೆಲ್ಲ ಅವಳು ಮತ್ತೆ ಮತ್ತೆ ಎಳೆದು ಹೊದಿಸ್ತಿದ್ದಳು, ಮೈ ಮುಳ್ಳೆದ್ದಿದೆಯಲ್ಲ, ಚಳಿ ಅಂತ. ಈ ವಾಲಿಸಾಟಕ್ಕೋ ಏನೋ ಒತ್ತಡ ಇನ್ನೂರ ಆರಕ್ಕೆ ಹೋಯಿತು.

"ಕಣ್ಮುಂದೆ ಹುಳ ಹರಿದಂಗಾಗ್ತದೆ ಸಿಸ್ಟರ್," ಅಂದ ಅವನು. ಒತ್ತಡ ಮಿದುಳಿಗೆ ತಾಗ್ತಿರೋ ಗುರುತು ಅದು.

ಆ ಮನೆಯಲ್ಲಿ ಫೋನು ಹಿಡಿಯೋದು ಕಾಫಿ ಒಣಗಿಸೋ ಕಣದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿಗೆ ಓಡಿ, ಜೀಪಿನ ಮೇಲೇ ಕಣ್ಣಿಟ್ಟುಕೊಂಡು, ಹಾಸನದಲ್ಲಿರೋ ನಮ್ಮ ಡಾಕ್ಟರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಿಮ್ಮ ಬ್ಯಾಗಿನಲ್ಲಿರೋ ಕ್ಯಾಪ್ಸೂಲ್ ಕಚ್ಚಿ ನುಂಗಿಸಿ. ಒತ್ತಡ ಇಳಿಯುತ್ತೆ, ಆದ್ರೆ ಅದು ಸ್ವಲ್ಪ ಹೊತ್ತಿಗಷ್ಟೇ. ಕಾರಣ ಕೆಳಗೆ ಎಲ್ಲೋ ಇದೆ. ಹುಡುಕಿ. ಸಿಗದಿದ್ರೆ ಕೂರಿಸಿಕೊಂಡೇ ಹೊರಡಿ. ಯಾವಾಗ ಹುಡುಕೋದು ಬಿಟ್ಟು ಹೊರಡೋದು ಅಂತ ನಾನು ಇಲ್ಲಿಂದ ಹೇಳೋಕಾಗಲ್ಲ ಸಿಸ್ಟರ್. ಅದು ನಿಮ್ಮದೇ."

ಕ್ಯಾಪ್ಸೂಲ್ ಕೊಟ್ಟೆ. ಕಚ್ಚಿ ನುಂಗಿದ.

"ಈಗಲಾದ್ರೂ ಹೊರಡಾನಾ?" ಅಂದಳು ಅವಳು.

ಅಲ್ಲಿಂದ ಹಾಸನಕ್ಕೆ ಎರಡು ಗಂಟೆಗೆ ಕಮ್ಮಿ ಇಲ್ಲ. ಸಕಲೇಶಪುರ ಮುಟ್ಟೋ ತನಕ ರಸ್ತೆ ಅನ್ನೋದು ಹೆಸರಿಗೆ. ಪ್ರತಿ ಗುಂಡಿಗೂ ಅವನ ಮೈ ಕುಲುಕುತ್ತೆ, ನೋವಿನ ಕಾರಣವೂ ಅವನ ಜೊತೆಗೇ ಜೀಪು ಹತ್ತಿ ಬರುತ್ತೆ, ಮಾತ್ರೆಯ ಕಸುವು ದಾರಿಯಲ್ಲೇ ಮುಗಿದುಹೋಗಬಹುದು. ಇಲ್ಲೇ ನಿಂತು ಹುಡುಕಿ ಸಿಗದಿದ್ರೆ, ಆಸ್ಪತ್ರೆ ಮುಟ್ಟಬಹುದಾಗಿದ್ದ ಹೊತ್ತನ್ನ ಕಳೆದವಳು ನಾನಾಗ್ತೀನಿ. ಎರಡರಲ್ಲೂ ಅವನು ಸಾಯಬಹುದಿತ್ತು. ಹೆದರಿಕೆ ಆಯಿತು, ಸುಳ್ಳು ಯಾಕೆ ಹೇಳಲಿ.

"ಇಲ್ಲ. ಕಾರಣ ಸಿಗೋ ತನಕ ಜೀಪು ಅಲ್ಲಾಡಬಾರದು," ಅಂದೆ. "ಇವನ ಮೈ ಮೇಲೆ ಒಂದು ನೂಲೂ ಇಲ್ಲದ ಹಾಗೆ ಬಿಚ್ಚಿ ನೋಡ್ಬೇಕು."

"ನಿಮ್ಗೆ ಹುಡುಕೋ ಕೆಲ್ಸ, ನಂಗೆ ಗಂಡ," ಅಂದಳು ಅವಳು. ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು. ಅವನ ಮುಖದ ಹತ್ರ ಬಗ್ಗಿ ಕೇಳಿದೆ: "ಇವತ್ತು ದಿನಾ ಮಾಡದೆ ಇರೋದು ಏನು ಮಾಡಿದ್ರಿ?"

ಅವನು ಹೆಂಡತಿ ಕಡೆ ನೋಡಿದ. ಅವಳು ನೆಲ ನೋಡಿದಳು. ಡ್ರೈವರು ಕೆಮ್ಮಿದ. ಮೂವರಿಗೂ ಏನೋ ಗೊತ್ತಿದೆ, ನನಗೊಬ್ಬಳಿಗೆ ಗೊತ್ತಿಲ್ಲ ಅನ್ನೋದು ಆಗ ಹೊಳೆಯಿತು.

"ತೋಟಕ್ಕೆ ಕರ್ಕೊಂಡೋಗಿದ್ವಿ," ಅಂದ ಡ್ರೈವರು. "ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದೈತೆ. ನಾನೇ ನೋಡ್ಬೇಕು ಅಂತ ಹಟ ಹಿಡ್ದ. ಬಿದ್ದ್ಮೇಲೆ ತೋಟ ಕಂಡೇ ಇರಲಿಲ್ವಲ್ಲ. ಜೀಪಲ್ಲಿ ಕೂರ್ಸಿ, ಅಲ್ಲಿ ಕುರ್ಚಿ ಮೇಲೆ ಇಳಿಸಿದ್ವಿ. ಬೆಳಗ್ಗೆಯೆಲ್ಲ ಅಲ್ಲೇ ಇದ್ದ."

"ಮಳೇಲಿ ಹೊರಗೆ ಬ್ಯಾಡ ಅಂದಿದ್ರಿ ನೀವು," ಅಂದಳು ಅವಳು. "ಬೈತೀರಾ ಅಂತ ಹೇಳ್ಲಿಲ್ಲ."

ಬೈಯೋಕೆ ಬಾಯಿ ತೆರೆದವಳು ಮುಚ್ಚಿಕೊಂಡೆ. ಕಂಬಳಿ ಹಿಡಿದು ಎಳೆದೆ, ಪಂಚೆ ಮೇಲೆತ್ತಿದೆ.

ಮಳೆಗಾಲದಲ್ಲಿ ನಮ್ಮ ಕಡೆ ತೋಟಕ್ಕೆ ಇಳಿಯೋರು ರಕ್ತ ಹೀರೋ ಇಂಬಳ ಹತ್ತದಿರಲಿ ಅಂತ ದಪ್ಪ ಬಟ್ಟೆಯ ಉದ್ದ ಕಾಲುಚೀಲ ಹಾಕ್ಕೊಳ್ತಾರೆ. ಹೊಗೆಸೊಪ್ಪಿನ ನೀರು ಹಚ್ಚಿ, ಮೊಣಕಾಲ ಕೆಳಗೆ ದಾರ ಸುತ್ತಿ ಕಟ್ಟೋದು. ಕೆಲಸ ಮಾಡೋರು ಬಿಗಿ ಅನ್ನಿಸಿದ್ರೆ ತಾವೇ ಬಗ್ಗಿ ಸಡಿಲ ಮಾಡ್ಕೊಳ್ತಾರೆ, ಅದು ಯಾರ ಗಮನಕ್ಕೂ ಬರದ ಕೆಲಸ. ಇವನ ಎರಡೂ ಕಾಲಿಗೂ ಆ ಚೀಲ ಇತ್ತು. ದಾರ ಹತ್ತಿಯದು, ಮೂರು ನಾಲ್ಕು ಸುತ್ತು. ಮಳೆಯಲ್ಲಿ ನೆನೆದು ಕುಗ್ಗಿ ಬಿಗಿದು, ಚೀಲದ ಬಟ್ಟೆ ಸಮೇತ ಮಾಂಸದೊಳಗೆ ಹೂತುಹೋಗಿತ್ತು. ಪಾದ ಎರಡೂ ಚೀಲದೊಳಗೇ ಊದಿದ್ದವು.

ಗಂಟು ಬಿಚ್ಚೋ ಹಾಗಿರಲಿಲ್ಲ. ಬ್ಯಾಂಡೇಜ್ ಕತ್ತರಿಯ ಮೊಂಡು ತುದಿ ದಾರಕ್ಕೂ ಬಟ್ಟೆಗೂ ನಡುವೆ ತೂರಲೇ ಇಲ್ಲ. ಬಲಗಾಲಿನದರಲ್ಲಿ ಹೆಬ್ಬೆರಳಿನಿಂದ ಮಾಂಸ ಅದುಮಿ ಒಂದು ಎಳೆಯಷ್ಟು ಸಂದು ಮಾಡಿ ಕತ್ತರಿಸಿದೆ. ಮೂರನೇ ಸುತ್ತು ಹರಿದಾಗ ಅವನು ಉಸಿರು ಬಿಟ್ಟ. ಕಾಲಿನಲ್ಲಿ ಏನೂ ಗೊತ್ತಾಗದವನು, ತಲೆ ಮೇಲಿನ ಭಾರ ಇಳಿದದ್ದಕ್ಕೆ ಬಿಟ್ಟ ಉಸಿರು ಅದು. ಎಡಗಾಲಿನದನ್ನೂ ಕತ್ತರಿಸಿ ಚೀಲಗಳನ್ನ ಎಳೆದು ತೆಗೆದೆ. ಪಾದ ಎರಡೂ ನೀಲಿ ತಿರುಗಿದ್ದವು.

ನೂರ ಐವತ್ತು. ನೂರ ಹದಿನೆಂಟು. ನಾನು ನಕ್ಕೇಬಿಟ್ಟೆ ಅನ್ಸುತ್ತೆ. ಆಮೇಲೆ ಪಟ್ಟಿ ಉಬ್ಬಿಸಿದಾಗ ತೊಂಬತ್ತೆರಡು. ಅವನ ಮುಖದ ಕೆಂಪು ಪೂರ್ತಿ ಇಳಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಡ್ರೈವರು, "ಸಿಸ್ಟರ್, ಇವನು ಭಾರ ಬಿಡ್ತಾವ್ನೆ," ಅಂದ. ಪೇಷಂಟಿನ ತಲೆ ಡ್ರೈವರಿನ ಭುಜದ ಮೇಲೆ ವಾಲಿತು.

ಕಾರಣ ಹೋದ ಹೊತ್ತಿಗೇ ಕ್ಯಾಪ್ಸೂಲ್ ಕೆಲಸ ಶುರು ಮಾಡಿತ್ತು. ಏರಿದ್ದ ಒತ್ತಡ ಇಳಿಸೋಕೆ ಕೊಟ್ಟ ಔಷಧಿ, ಏರಿಸ್ತಿದ್ದದ್ದೇ ಇಲ್ಲದ ಮೇಲೆ ಇನ್ನೂ ಕೆಳಗೆ ಎಳೀತಿತ್ತು. ಬೇರೆಯವರಾದ್ರೆ ಆಗ ಕಾಲಿನ ನಾಳಗಳು ತಾವಾಗಿ ಬಿಗಿದು ರಕ್ತ ಮೇಲೆ ಕಳಿಸ್ತವೆ. ಇವನಿಗೆ ಆ ಆಜ್ಞೆಯೂ ಕಡಿದ ಜಾಗದಲ್ಲೇ ನಿಂತುಬಿಡುತ್ತೆ.

"ಮಲಗಿಸಿ. ಕಾಲು ಎತ್ತಿ ಹಿಡೀರಿ."

"ಕೂರ್ಸಿ ಅಂತೀರಿ, ಮಲಗ್ಸಿ ಅಂತೀರಿ," ಅಂತ ಡ್ರೈವರು ಗೊಣಗಿಕೊಂಡೇ ಮಲಗಿಸಿದ. ಎಂಬತ್ತು. ಇನ್ನೊಂದು ಸಲ ನೋಡಿದಾಗ ಎಪ್ಪತ್ತೆಂಟು. ಕೆನ್ನೆ ತಟ್ಟಿ ಅವನ ಹೆಸರು ಹಿಡಿದು ಕೂಗಿದೆ. ಕಣ್ಣು ತೆರೆದ, ಮುಚ್ಚಿದ. ಹೆಂಡತಿ ಜೀಪಿನ ಹಿಂದೆ ನಿಂತು, ಅವನ ಎರಡೂ ಕಾಲನ್ನ ತನ್ನ ಹೆಗಲಿಗೆ ಆನಿಸಿ, ತೋಳಿನಿಂದ ಬಳಸಿ ಹಿಡಿದುಕೊಂಡಿದ್ದಳು. ಕತ್ತರಿಸಿದ ದಾರದ ತುಂಡು ಅವಳ ಸೆರಗಿಗೆ ಅಂಟಿಕೊಂಡಿತ್ತು. ಅವಳು ಅದನ್ನೇ ನೋಡ್ತಿದ್ದಳು.

ನಾನು ಪಟ್ಟಿ ಉಬ್ಬಿಸೋದು, ಇಳಿಸೋದು, ಕಿವಿಗೊಟ್ಟು ಕೇಳೋದು, ಇಷ್ಟೇ ಮಾಡ್ತಾ ಕೂತೆ. ಎಂಬತ್ತೆರಡು ಬಂತು. ಎಂಬತ್ತರಲ್ಲಿ ಆಟ ಆಡಿತು. ಆಮೇಲೆ ನಿಧಾನಕ್ಕೆ ತೊಂಬತ್ತು ದಾಟಿತು. "ನೀರು" ಅಂದ ಅವನು. ಡ್ರೈವರು ಉಪ್ಪು ಹಾಕಿ ನಿಂಬೆಹಣ್ಣು ಹಿಂಡಿ ತಂದ. ತಲೆ ಚೂರೇ ಎತ್ತಿ ಗುಟುಕು ಗುಟುಕಾಗಿ ಕುಡಿಸಿದೆ. ನೂರ ಎರಡು ಬಂದ ಮೇಲೆ ಕಣದ ಮೂಲೆಗೆ ಹೋಗಿ ಡಾಕ್ಟರಿಗೆ ಹೇಳಿದೆ. ಎರಡು ಗಂಟೆ ಬಿಡದೆ ನೋಡಿ, ಮತ್ತೆ ಏರಿದ್ರೆ ಕರ್ಕೊಂಡು ಬನ್ನಿ ಅಂದರು. ಫೋನಿಟ್ಟು ಅಲ್ಲೇ ಕಟ್ಟೆ ಮೇಲೆ ಕೂತು ಅತ್ತೆ. ಯಾರೂ ನೋಡಲಿಲ್ಲ, ನೋಡಿದ್ರೂ ಪರವಾಗಿರಲಿಲ್ಲ.

ಮತ್ತೆ ಏರಲಿಲ್ಲ. ಅವನನ್ನ ಒಳಗೆ ಮಂಚಕ್ಕೆ ತಂದೆವು. ಪಾದದ ನೀಲಿ ತಿಳಿಯಾಗ್ತಾ ಬಂತು. ದಾರ ಕೂತ ಜಾಗದಲ್ಲಿ ಕೆಂಪು ಬರೆ ಮಾತ್ರ ಉಳಿಯಿತು, ಅಲ್ಲಲ್ಲಿ ಚರ್ಮ ಸುಲಿದಿತ್ತು. ತೊಳೆದು ಮುಲಾಮು ಹಚ್ಚಬೇಕಿತ್ತು. ನಾನು ಬಟ್ಟಲಲ್ಲಿ ಉಗುರು ಬೆಚ್ಚಗಿನ ನೀರು ತಂದಿಟ್ಟು ಹೆಂಡತಿಯನ್ನ ಕರೆದೆ. ದಿನಾ ಹಚ್ಚಬೇಕಾದವಳು ಅವಳು, ಕಲಿಸೋಣ ಅಂತ.

ಅವಳು ಬಾಗಿಲ ಹತ್ರವೇ ನಿಂತಳು. "ನೀವೇ ಹಚ್ಚಿ ಸಿಸ್ಟರ್. ಇನ್ನು ನಾನು ಅವ್ರ ಕಾಲು ಮುಟ್ಟಾಕಿಲ್ಲ."

"ನಾನು ಹದಿನೈದು ದಿನಕ್ಕೊಂದು ಸಲ ಬರೋಳು. ನಡುವೆ ಯಾರು ಮುಟ್ತಾರೆ?"

"ಇಂಬಳ ಹತ್ತುದ್ರೆ ಅವ್ರಿಗೆ ಗೊತ್ತಾಗಕ್ಕಿಲ್ಲ ಅಂತ ಕಟ್ಟಿದ್ದು. ಗೊತ್ತಾಗಲ್ವಲ್ಲ, ರಕ್ತ ಎಲ್ಲ ಕುಡ್ದ್ಬುಡ್ತವೆ ಅಂತ ಎರಡು ಸುತ್ತು ಜಾಸ್ತೀನೇ ಬಿಗಿದೆ. ನಾನೇ ಸಾಯಿಸ್ಬುಡ್ತಿದ್ದೆ."

ನಿನ್ನ ತಪ್ಪಲ್ಲ ಅಂದ್ರೆ ಅವಳು ನಂಬ್ತಿರಲಿಲ್ಲ. ದಾರ ಕಟ್ಟಿದ್ದು ಅವಳೇ, ನಿಜ. ಅವಳು ನೋಡಿಕೊಳ್ಳದೆ ಹೋಗಿದ್ರೆ ಇವನು ಹುಣ್ಣಾಗಿ ಎಂದೋ ಸತ್ತಿರ್ತಿದ್ದ ಅನ್ನೋದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಹೇಳೋ ಮಾತು ನನ್ನ ಜೋರು ಬಾಯಲ್ಲಿ ಇರಲಿಲ್ಲ.

ಅವನು ಮೊಣಕೈ ಊರಿ ಮೇಲೆದ್ದು, ತನ್ನ ಕಾಲಿನ ಕೆಂಪು ಬರೆಯನ್ನ ನೋಡಿದ. "ಸಿಸ್ಟರ್, ಬೆಳಗಿಂದ ನಂಗೆ ಒಂದು ಚೂರೂ ಗೊತ್ತಾಗ್ಲಿಲ್ಲ. ಮತ್ತೆ ಇಷ್ಟೆಲ್ಲ ಗಲಾಟೆ ಮಾಡಿದ್ದು ಯಾರು? ಕಾಲಾ?"

"ಹೂಂ. ಕಾಲೇ."

"ಹಂಗಾದ್ರೆ ಸತ್ತಿಲ್ಲ ಅದು."

"ಸತ್ತಿಲ್ಲ. ನಿನಗೆ ಸುದ್ದಿ ಮುಟ್ಟಲ್ಲ, ಅಷ್ಟೇ."

ಅವನು ಬಾಗಿಲ ಕಡೆ ತಿರುಗಿ, "ಬಾರೆ ಇಲ್ಲಿ. ನೀರು ಆರ್ತದೆ," ಅಂದ. ಅವಳು ಅಲ್ಲಾಡಲಿಲ್ಲ. ಅವನು ಇನ್ನೊಂದು ಸಲ ಕರೆದ ಮೇಲೆ ಬಂದು, ನೆಲದ ಮೇಲೆ ಕೂತು, ಬಟ್ಟೆ ಅದ್ದಿ ಹಿಂಡಿ, ಕಾಲಿಗೆ ತಾಗಿಸಿದಳು.

"ಮೆಲ್ಲಗೆ ಕಣೆ," ಅಂದ. "ಅದಕ್ಕೆ ನೋಯ್ತದೆ."